ವಾಕ್ಯದ ಮರ ಸೇರಿಸಿದರೂ ಎಸ್‌ಆರ್‌ಎಲ್ ಸ್ಕೋರ್ ಏರುತ್ತಿಲ್ಲವೇ? ದೋಷ ಹುಡುಕುವ ಬಗೆ

ವಾಕ್ಯರಚನೆ ಬಿಡಿಸುವ ಪಾರ್ಸರ್ ಓಡಿಸಿದ್ದೀರಿ. ಪ್ರತಿ ವಾಕ್ಯದ ಡಿಪೆಂಡೆನ್ಸಿ ಮರ (ಯಾವ ಪದ ಯಾವ ಪದದ ಕೆಳಗೆ ಬರುತ್ತದೆ ಅನ್ನುವ ನಕ್ಷೆ) ತೆಗೆದು, ಯಾರು ಏನು ಮಾಡಿದರು ಅಂತ ಗುರುತಿಸುವ ಎಸ್‌ಆರ್‌ಎಲ್ ಮಾಡೆಲ್‌ಗೆ ಕೊಟ್ಟಿದ್ದೀರಿ. ರಾತ್ರಿಯಿಡೀ ಟ್ರೈನಿಂಗ್ ನಡೆದಿದೆ. ಬೆಳಿಗ್ಗೆ ಎದ್ದು ನೋಡಿದರೆ ಎಫ್1 (ಉತ್ತರಗಳು ಎಷ್ಟು ಸರಿ ಅಂತ ಅಳೆಯುವ ಸ್ಕೋರ್) ಮೊದಲು ಇದ್ದಲ್ಲೇ ಇದೆ. ದಶಮಾಂಶದ ಆಚೆಯ ಅಂಕಿ ಸ್ವಲ್ಪ ಅಲುಗಾಡಿದೆ, ಅಷ್ಟೇ.

ನನಗೂ ಹೀಗೇ ಆಗಿತ್ತು. ಬೈ-ಎಲ್‌ಎಸ್‌ಟಿಎಂ (ವಾಕ್ಯವನ್ನು ಎರಡೂ ದಿಕ್ಕಿನಿಂದ ಓದುವ ನ್ಯೂರಲ್ ಮಾಡೆಲ್) ಚೆನ್ನಾಗಿ ಕಲಿತಿರುವಾಗ ಮರ ಬೇಕಾಗಿಲ್ಲವೇನೋ ಅಂದುಕೊಂಡು ಕೈಬಿಡುವುದರಲ್ಲಿದ್ದೆ. ಕೊನೆಗೊಂದು ಸಂಜೆ, ಮಾಡೆಲ್ ಒಳಗೆ ಹೋಗುತ್ತಿದ್ದ ಒಂದು ವಾಕ್ಯದ ಮರವನ್ನು ಕಾಗದದ ಮೇಲೆ ಗೀಚಿ ನೋಡಿದೆ. ಅದು ಮರವೇ ಆಗಿರಲಿಲ್ಲ. ಎರಡು ಪದಗಳು ತಮಗೆ ತಾವೇ ಹೆಡ್ (ಮರದಲ್ಲಿ ನೇರ ಮೇಲಿರುವ ಪದ) ಆಗಿದ್ದವು. ಇನ್ನೆರಡು ಒಂದನ್ನೊಂದು ಹಿಡಿದುಕೊಂಡು ಸುತ್ತುತ್ತಿದ್ದವು. ಎರಡು ವಾರ ನಾನು ಲರ್ನಿಂಗ್ ರೇಟ್ ಬದಲಿಸುತ್ತಾ ಕೂತಿದ್ದೆ!

ಹಾಗಾಗಿ ಈ ಕೈಪಿಡಿಯಲ್ಲಿ ಎಲ್ಲಕ್ಕಿಂತ ಮೊದಲು ಕೇಳುವ ಪ್ರಶ್ನೆ ಒಂದೇ: ಮರ ಮಾಡೆಲ್‌ಗೆ ನಿಜವಾಗಿ ತಲುಪುತ್ತಿದೆಯಾ?

ಮೊದಲು ಎರಡು ಮಾತು, ಹೊಸಬರಿಗಾಗಿ

ಎಸ್‌ಆರ್‌ಎಲ್ ಅಂದರೆ ಸೆಮ್ಯಾಂಟಿಕ್ ರೋಲ್ ಲೇಬಲಿಂಗ್. ಯಾರು, ಯಾರಿಗೆ, ಏನು, ಎಲ್ಲಿ, ಯಾವಾಗ ಮಾಡಿದರು ಅಂತ ಗುರುತಿಸುವ ಕೆಲಸ. ಶಾಲೆಯಲ್ಲಿ ಕಲಿತ ಕಾರಕಗಳನ್ನು ನೆನಪಿಸಿಕೊಳ್ಳಿ. 'ರಾಮನು ರಾವಣನನ್ನು ಕೊಂದನು' ಅಂದರೂ 'ರಾವಣನು ರಾಮನಿಂದ ಕೊಲ್ಲಲ್ಪಟ್ಟನು' ಅಂದರೂ ಕೊಂದವನು ರಾಮನೇ. ವಿಭಕ್ತಿ ಬದಲಾಯಿತು, ಪಾತ್ರ ಬದಲಾಗಲಿಲ್ಲ. ಇಂಗ್ಲಿಷ್‌ನಲ್ಲಿ ವಿಭಕ್ತಿಯ ಕೆಲಸವನ್ನು ಬಹುಪಾಲು ಪದಗಳ ಜಾಗವೇ ಮಾಡುತ್ತದೆ. ಅದಕ್ಕೇ ಅಲ್ಲಿ ವಾಕ್ಯರಚನೆಯ ಮರಕ್ಕೆ ಅಷ್ಟು ಬೆಲೆ.

2002ರಲ್ಲಿ ಡೇನಿಯಲ್ ಗಿಲ್ಡಿಯಾ ಮತ್ತು ಡ್ಯಾನ್ ಜುರಾಫ್‌ಸ್ಕಿ ಈ ಕೆಲಸಕ್ಕೆ ಮರದೊಳಗಿನ ದಾರಿಯನ್ನು ಬಳಸಿದರು: ಕ್ರಿಯಾಪದದಿಂದ ಪಾತ್ರ ಗುರುತಿಸಬೇಕಾದ ಪದಗುಚ್ಛಕ್ಕೆ ಹೋಗಲು ಯಾವ ಮೆಟ್ಟಿಲು ಹತ್ತಬೇಕು, ಯಾವುದು ಇಳಿಯಬೇಕು ಅನ್ನುವುದು. ಆಮೇಲೆ ಹತ್ತು ಹನ್ನೆರಡು ವರ್ಷ ಮರವಿಲ್ಲದ ಎಸ್‌ಆರ್‌ಎಲ್ ಅಪರೂಪವಾಗಿತ್ತು. 2015ರಲ್ಲಿ ಝೌ ಮತ್ತು ಶು, 2017ರಲ್ಲಿ ಲುಹೆಂಗ್ ಹೆ ಮತ್ತು ಸಂಗಡಿಗರು 8 ಪದರದ ಎಲ್‌ಎಸ್‌ಟಿಎಂ ಕಟ್ಟಿ, ಮರವಿಲ್ಲದೆಯೇ ಹಳೆಯ ಸ್ಕೋರ್‌ಗಳನ್ನು ದಾಟಿದರು. ಅದೇ 2017ರಲ್ಲಿ ಡಿಯೆಗೊ ಮಾರ್ಕೆಜಾನಿ ಮತ್ತು ಇವಾನ್ ಟಿಟೊವ್ ಎಲ್‌ಎಸ್‌ಟಿಎಂ ಮೇಲೆ ಗ್ರಾಫ್ ಕನ್ವಲ್ಯೂಷನ್ (ಮರದ ಕೊಂಡಿಗಳ ಮೂಲಕ ಪದದಿಂದ ಪದಕ್ಕೆ ಮಾಹಿತಿ ಸಾಗಿಸುವ ಪದರ) ಇಟ್ಟು, ಮರದಿಂದ ಇನ್ನೂ ಲಾಭ ಇದೆ ಅಂತ ತೋರಿಸಿದರು.

ಆ ಲಾಭ ಎಷ್ಟು? ಕೋನಲ್-2009 ಅನ್ನುವ ಎಸ್‌ಆರ್‌ಎಲ್ ಸ್ಪರ್ಧೆಯ ಇಂಗ್ಲಿಷ್ ಡೆವ್ ಸೆಟ್‌ನಲ್ಲಿ (ಟೆಸ್ಟ್‌ಗೆ ಮೊದಲು ಪರೀಕ್ಷಿಸುವ ವಾಕ್ಯಗಳಲ್ಲಿ) ಎಫ್1 82.7ರಿಂದ 83.3ಕ್ಕೆ. ಚೈನೀಸ್‌ನಲ್ಲಿ 75.2ರಿಂದ 77.1ಕ್ಕೆ. ಇದನ್ನು ಮೊದಲೇ ಹೇಳುವುದಕ್ಕೆ ಕಾರಣ ಇದೆ. ಇಂಗ್ಲಿಷ್‌ನಲ್ಲಿ ನೀವು ಹುಡುಕುತ್ತಿರುವ ಲಾಭ ಒಂದು ಪಾಯಿಂಟ್‌ಗಿಂತ ಕಡಿಮೆ. ಇಷ್ಟು ಸಣ್ಣ ಲಾಭವನ್ನು ನುಂಗಲು ಒಂದು ಚಿಕ್ಕ ಬಗ್ ಸಾಕು. ಬರೀ ರ‍್ಯಾಂಡಮ್ ಸೀಡ್ (ಟ್ರೈನಿಂಗ್ ಶುರುವಾಗುವ ಯಾದೃಚ್ಛಿಕ ಸಂಖ್ಯೆ) ಬದಲಾದರೂ ಅದು ಕಾಣದೆ ಹೋಗಬಹುದು. ಮೂರರಿಂದ ಐದು ಸೀಡ್ ಓಡಿಸದೆ 'ಏರಿತು' ಅಂತಲೂ ಹೇಳಬೇಡಿ, 'ಏರಲಿಲ್ಲ' ಅಂತಲೂ ಹೇಳಬೇಡಿ.

ಮೂರು ಮರದ ಪರೀಕ್ಷೆ

ಕೋಡ್ ಓದುವ ಮೊದಲು ಇದನ್ನು ಮಾಡಿ. ಟ್ರೈನ್ ಆದ ಮಾಡೆಲ್ ಇದ್ದೇ ಇದೆ. ಅದನ್ನು ಮುಟ್ಟಬೇಡಿ. ಡೆವ್ ಸೆಟ್ ಮೇಲೆ ಮೂರು ಸಲ ಓಡಿಸಿ, ಪ್ರತಿ ಸಲ ಬೇರೆ ಮರ ಕೊಡಿ. ಒಂದು, ಗೋಲ್ಡ್ ಮರ, ಅಂದರೆ ಮನುಷ್ಯರು ಮಾಡಿದ ಗುರುತಿನಿಂದ ಬಂದದ್ದು. ಎರಡು, ಪಾರ್ಸರ್ ಕೊಟ್ಟ ಮರ. ಮೂರು, ಸುಳ್ಳು ಮರ: ಪ್ರತಿ ಪದಕ್ಕೂ ಹಿಂದಿನ ಪದವೇ ಹೆಡ್. ಮೂರನೆಯದು ಮರವೇನಲ್ಲ, ಒಂದು ಸರಪಳಿ.

ಮೂರರಲ್ಲೂ ಸ್ಕೋರ್ ಹೆಚ್ಚುಕಮ್ಮಿ ಒಂದೇ ಬಂದರೆ ಮಾಡೆಲ್ ಮರವನ್ನು ನೋಡುತ್ತಲೇ ಇಲ್ಲ. ಮರ ದಾರಿಯಲ್ಲೇ ಕಳೆದುಹೋಗಿರಬೇಕು. ಇಲ್ಲವೇ ಟ್ರೈನಿಂಗ್‌ನಲ್ಲೇ ಹಾಳು ಮರ ಸಿಕ್ಕಿದ್ದರಿಂದ ಮಾಡೆಲ್ ಅದನ್ನು ಕಡೆಗಣಿಸಲು ಕಲಿತಿರಬೇಕು. ಗೋಲ್ಡ್ ಮರದಲ್ಲಿ ಚೆನ್ನಾಗಿ ಬಂದು ಪಾರ್ಸರ್ ಮರದಲ್ಲಿ ಬಿದ್ದರೆ ದೋಷ ಪಾರ್ಸರ್ ಕಡೆಗಿದೆ, ಅಥವಾ ಟ್ರೈನಿಂಗ್‌ಗೂ ಟೆಸ್ಟ್‌ಗೂ ಬೇರೆ ಬೇರೆ ಬಗೆಯ ಮರ ಹೋಗುತ್ತಿದೆ. ಗೋಲ್ಡ್ ಮತ್ತು ಪಾರ್ಸರ್ ಸ್ಕೋರ್ ಕೊನೆಯ ಅಂಕಿಯವರೆಗೂ ಒಂದೇ ಇದ್ದರೆ ಖುಷಿಪಡಬೇಡಿ. ಎರಡೂ ಸಲ ಒಂದೇ ಕಾಲಮ್ ಓದುತ್ತಿದ್ದೀರಿ.

ಇದು ಹತ್ತು ನಿಮಿಷದ ಕೆಲಸ. ನನ್ನ ಎರಡು ವಾರ ಉಳಿಯುತ್ತಿತ್ತು.

ಮರ ತಲುಪದಿದ್ದಾಗ: ಎಣಿಕೆಯ ತಪ್ಪು

ಅತಿ ಹೆಚ್ಚು ಸಲ ಸಿಗುವ ದೋಷ ಇದೇ. ಡೇಟಾದಲ್ಲಿ ಪದಗಳ ಎಣಿಕೆ 1ರಿಂದ ಶುರು. ಹೆಡ್ 0 ಅಂದರೆ ಬೇರು. ಕೋಡ್‌ನಲ್ಲಿ ಪಟ್ಟಿಯ ಎಣಿಕೆ 0ಯಿಂದ ಶುರು. ಎರಡರ ನಡುವೆ ಒಂದು ಹೆಜ್ಜೆ ತಪ್ಪಿದರೆ ಏನಾಗುತ್ತದೆ ಅಂತ ಒಂದು ವಾಕ್ಯ ಹಿಡಿದು ನೋಡೋಣ.

'ರವಿ ಹ್ಯಾಸ್ ಸೋಲ್ಡ್ ದ ಕಾರ್ ಟು ಸುಮಾ.' ರವಿ ಸುಮಾಗೆ ಕಾರು ಮಾರಿದ್ದಾನೆ. ಪೂರ್ಣವಿರಾಮ ಬಿಟ್ಟರೆ ಏಳು ಪದ. ಕೋನಲ್-2009ರ ಶೈಲಿಯಲ್ಲಿ ಇವುಗಳ ಹೆಡ್ ಸಂಖ್ಯೆ ಸಾಲಾಗಿ ಹೀಗಿರುತ್ತದೆ: 2, 0, 2, 5, 3, 3, 6. ಅಂದರೆ 'ರವಿ' 'ಹ್ಯಾಸ್' ಕೆಳಗಿದೆ. 'ಹ್ಯಾಸ್' ಬೇರು. 'ಸೋಲ್ಡ್' ಕೂಡ 'ಹ್ಯಾಸ್' ಕೆಳಗಿದೆ. 'ಕಾರ್' ಮತ್ತು 'ಟು' ಎರಡೂ 'ಸೋಲ್ಡ್' ಕೆಳಗಿವೆ.

ಈ ಸಂಖ್ಯೆಗಳನ್ನು ಹಾಗೆಯೇ 0ಯಿಂದ ಶುರುವಾಗುವ ಪಟ್ಟಿಗೆ ಹಾಕಿ ನೋಡಿ. 'ಸೋಲ್ಡ್' ತನಗೆ ತಾನೇ ಹೆಡ್ ಆಗುತ್ತದೆ. 'ಸುಮಾ' ಕೂಡ. 'ದ'ಗೆ 'ಟು' ಹೆಡ್, 'ಟು'ಗೆ 'ದ' ಹೆಡ್, ಸುತ್ತಿ ಸುತ್ತಿ ಅಲ್ಲೇ. ಬೇರಾಗಬೇಕಿದ್ದ 'ಹ್ಯಾಸ್' ಹೋಗಿ 'ರವಿ' ಕೆಳಗೆ ಕೂರುತ್ತದೆ. ಇಷ್ಟೆಲ್ಲ ಗೊಂದಲದ ನಡುವೆ 'ರವಿ' ಮಾತ್ರ ನೇರವಾಗಿ 'ಸೋಲ್ಡ್' ಕೆಳಗೆ ಬಂದು ಬೀಳುತ್ತದೆ. ಮಾರಿದವನು ಅವನೇ ತಾನೆ! ಆ ಒಂದು ಕೊಂಡಿಯಿಂದ ಮಾಡೆಲ್‌ಗೆ ಉಪಯೋಗವೇ ಆಗುತ್ತದೆ. ಈ ಬಗ್ ಇದ್ದರೂ ಸ್ಕೋರ್ ಕುಸಿಯದೆ ಇರುವುದಕ್ಕೆ ಇಂಥ ಆಕಸ್ಮಿಕಗಳೂ ಕಾರಣ. ಉಳಿದದ್ದನ್ನು ಕೆಳಗಿನ ಎಲ್‌ಎಸ್‌ಟಿಎಂ ಸಂಭಾಳಿಸುತ್ತದೆ. ನೋಡುವವರಿಗೆ 'ಮರದಿಂದ ಲಾಭ ಇಲ್ಲ' ಅಂತ ಕಾಣುತ್ತದೆ.

ಸರಿ, ಒಂದು ಕಳೆದರೆ ಆಯಿತಲ್ಲ ಅಂತ ಎಲ್ಲ ಹೆಡ್‌ಗಳಿಂದ 1 ಕಳೆಯುತ್ತೀರಿ. ಈಗ ಬೇರಿನ 0 ಹೋಗಿ -1 ಆಯಿತು. ಪೈಥಾನ್‌ನಲ್ಲಿ -1 ಅಂದರೆ ಕೊನೆಯ ಜಾಗ. ನಮ್ಮ ವಾಕ್ಯದಲ್ಲಿ 'ಹ್ಯಾಸ್' ಸದ್ದಿಲ್ಲದೆ 'ಸುಮಾ' ಕೆಳಗೆ ಹೋಗುತ್ತದೆ. ಬ್ಯಾಚ್‌ನಲ್ಲಿ ಉದ್ದ ಸರಿಮಾಡಲು ಪ್ಯಾಡಿಂಗ್ ಹಾಕಿದ್ದರೆ ಇನ್ನೂ ಕಷ್ಟ: ಬೇರು ಖಾಲಿ ಜಾಗಕ್ಕೆ ಅಂಟಿಕೊಳ್ಳುತ್ತದೆ. ಎರರ್ ಬರುವುದಿಲ್ಲ. ಬೇರಿಗೆ ಹೊರಗಿನ ಕೊಂಡಿ ಬೇಡ, ತನ್ನದೇ ಸೆಲ್ಫ್-ಲೂಪ್ (ತನ್ನಿಂದ ತನಗೇ ಇರುವ ಕೊಂಡಿ) ಇದ್ದರೆ ಸಾಕು ಅಂತ ಕೋಡ್‌ನಲ್ಲಿ ಬಿಡಿಸಿ ಬರೆಯಿರಿ.

ಇದನ್ನು ಹಿಡಿಯಲು ಮೂರು ತಪಾಸಣೆ ಸಾಕು. ಬೇಕಂತಲೇ ಹಾಕಿದ ಸೆಲ್ಫ್-ಲೂಪ್ ಬಿಟ್ಟರೆ ಯಾವ ಪದವೂ ತನಗೆ ತಾನೇ ಹೆಡ್ ಆಗಿರಬಾರದು. ಇಂಗ್ಲಿಷ್ ವಾಕ್ಯಕ್ಕೆ ಸಾಮಾನ್ಯವಾಗಿ ಒಂದೇ ಬೇರು ಇರಬೇಕು. ಯಾವ ಪದದಿಂದ ಮೇಲಕ್ಕೆ ಹತ್ತಿದರೂ ಬೇರು ಸಿಗಬೇಕು. ಒಂದು ಎಚ್ಚರಿಕೆ: ಫೈಲ್ ಓದಿದ ತಕ್ಷಣ ಇದನ್ನು ಮಾಡಿದರೆ ಪ್ರಯೋಜನ ಕಡಿಮೆ. ಮಾಡೆಲ್‌ಗೆ ಹೋಗುವ ಮ್ಯಾಟ್ರಿಕ್ಸ್ ಇದೆಯಲ್ಲ, ಅದರಿಂದ ಮರವನ್ನು ವಾಪಸ್ ಕಟ್ಟಿ ಅಲ್ಲಿ ಮಾಡಿ.

ಬರ್ಟ್ ಬಳಸುವವರಿಗೆ ಇದೇ ದೋಷದ ಇನ್ನೊಂದು ರೂಪ

ಬರ್ಟ್ ಅನ್ನುವ, ಮೊದಲೇ ಟ್ರೈನ್ ಆದ ಭಾಷಾ ಮಾಡೆಲ್ ಪದಗಳನ್ನು ತುಂಡು ಮಾಡುತ್ತದೆ. ಮರದ ಸಂಖ್ಯೆಗಳು ಪೂರ್ತಿ ಪದದವು. ಜೊತೆಗೆ ವಾಕ್ಯದ ಮುಂದೆ ಸಿಎಲ್‌ಎಸ್ ಅನ್ನುವ ಒಂದು ಗುರುತು 0ನೇ ಜಾಗದಲ್ಲಿ ಕೂರುತ್ತದೆ. ಇಲ್ಲಿ ಒಂದು ಮೋಸ ಇದೆ. ಸಿಎಲ್‌ಎಸ್ 0ಯಲ್ಲಿ ಇರುವುದರಿಂದ ಮೊದಲ ಪದ ತಾನಾಗಿ 1ರಲ್ಲಿ ಬಂದು ಕೂರುತ್ತದೆ. ಡೇಟಾದ ಎಣಿಕೆಗೆ ಸರಿಯಾಗಿ ಹೊಂದುತ್ತದೆ. ಸಣ್ಣ ವಾಕ್ಯದ ಮೇಲೆ ಪರೀಕ್ಷಿಸಿದರೆ ಎಲ್ಲ ಸರಿ ಕಾಣುತ್ತದೆ. ಮೊದಲ ಪದ ಯಾವಾಗ ತುಂಡಾಯಿತೋ ಅಲ್ಲಿಂದ ಮುಂದಿನದ್ದೆಲ್ಲ ಜರುಗುತ್ತದೆ.

ಅದಕ್ಕೇ ಪರೀಕ್ಷೆಗೆ ಬೇಕಂತಲೇ ಒಂದು ಅಪರೂಪದ ಹೆಸರಿರುವ ವಾಕ್ಯ ತೆಗೆದುಕೊಳ್ಳಿ, ಆ ಹೆಸರು ವಾಕ್ಯದ ಮೊದಲಿಗೇ ಬರಲಿ. ಪ್ರತಿ ಪದದ ಮೊದಲ ತುಂಡಿನ ವೆಕ್ಟರ್ ಆರಿಸಿಕೊಂಡು, ಪದಗಳ ಲೆಕ್ಕಕ್ಕೆ ವಾಪಸ್ ಬಂದ ಮೇಲೆ ಮರ ಹಾಕುವುದು ಸುಲಭದ ದಾರಿ. ಕನ್ನಡಕ್ಕೆ ಇದೇ ಕೆಲಸ ಮಾಡಲು ಹೊರಟವರು ಇಲ್ಲಿ ದುಪ್ಪಟ್ಟು ಎಚ್ಚರ ವಹಿಸಬೇಕು. 'ಮಾರಿಬಿಟ್ಟಿದ್ದಾನಂತೆ' ಅನ್ನುವ ಒಂದು ಪದ ಎಷ್ಟು ತುಂಡಾಗುತ್ತದೆ ಅಂತ ನಿಮ್ಮ ಟೋಕನೈಸರ್‌ಗೆ ಕೊಟ್ಟು ನೋಡಿ. ಮೊದಲ ತುಂಡಿನಲ್ಲಿ ಧಾತು ಸಿಗಬಹುದು. ಆದರೆ ನಾಮಪದದಲ್ಲಿ ಪಾತ್ರ ಹೇಳುವ ವಿಭಕ್ತಿ ಕೊನೆಯ ತುಂಡಿನಲ್ಲಿರುತ್ತದೆ, ಅಲ್ವಾ? ನಾನಾದರೆ ಕನ್ನಡಕ್ಕೆ ಮೊದಲ ಮತ್ತು ಕೊನೆಯ ತುಂಡು ಎರಡನ್ನೂ ಇಟ್ಟುಕೊಳ್ಳುತ್ತೇನೆ.

ಮರ ತಲುಪುತ್ತಿದೆ, ಆದರೆ ಬೇರೆ ಜಾತಿಯ ಮರ

ಈ ದೋಷ ನನಗೆ ತುಂಬಾ ಪಾಠ ಕಲಿಸಿತು. ಮರ ಸರಿಯಾಗಿದೆ, ಎಣಿಕೆ ಸರಿಯಾಗಿದೆ, ಪಾರ್ಸರ್ ಕೂಡ ಒಳ್ಳೆಯದು. ಆದರೂ ಲಾಭ ಇಲ್ಲ.

ಮತ್ತೆ ಅದೇ ವಾಕ್ಯ. ಕೋನಲ್-2009ರ ಮರದಲ್ಲಿ 'ಹ್ಯಾಸ್' ಮೇಲಿದೆ, 'ಸೋಲ್ಡ್' ಅದರ ಕೆಳಗೆ. ಇವತ್ತು ಸುಲಭವಾಗಿ ಸಿಗುವ ಎಷ್ಟೋ ಪಾರ್ಸರ್‌ಗಳು ಯೂನಿವರ್ಸಲ್ ಡಿಪೆಂಡೆನ್ಸೀಸ್ ಶೈಲಿಯ ಮರ ಕೊಡುತ್ತವೆ. ಅಲ್ಲಿ ಉಲ್ಟಾ. 'ಸೋಲ್ಡ್' ಬೇರು, 'ಹ್ಯಾಸ್' ಅದಕ್ಕೆ ನೇತುಹಾಕಿದ ಸಹಾಯಕ, 'ರವಿ' ನೇರವಾಗಿ 'ಸೋಲ್ಡ್' ಕೆಳಗೆ. ಇದು ಒಳ್ಳೆಯದೇ, ದಾರಿ ಹತ್ತಿರವಾಯಿತು.

ತೊಂದರೆ ಬರುವುದು ವಾಕ್ಯದ ಇನ್ನೊಂದು ತುದಿಯಲ್ಲಿ. ಕೊಂಡವಳು ಸುಮಾ. ಕ್ರಿಯಾಪದಗಳ ಪಾತ್ರಗಳನ್ನು ಪಟ್ಟಿ ಮಾಡಿದ ಪ್ರಾಪ್‌ಬ್ಯಾಂಕ್‌ನ ಲೆಕ್ಕದಲ್ಲಿ 'ಸೆಲ್' ಕ್ರಿಯಾಪದಕ್ಕೆ ಎ0 ಮಾರುವವರು, ಎ1 ಮಾರಿದ ವಸ್ತು, ಎ2 ಕೊಂಡವರು. ಕೋನಲ್-2009 ಈ ಎ2 ಲೇಬಲ್ ಅನ್ನು 'ಸುಮಾ' ಮೇಲೆ ಇಡುವುದಿಲ್ಲ, 'ಟು' ಮೇಲೆ ಇಡುತ್ತದೆ. ಅಲ್ಲಿನ ಮರದಲ್ಲಿ 'ಟು' ಮೇಲಿದ್ದು 'ಸುಮಾ' ಅದರ ಕೆಳಗಿದೆಯಲ್ಲ, ಅದಕ್ಕೆ. ಯೂನಿವರ್ಸಲ್ ಶೈಲಿಯಲ್ಲಿ 'ಸುಮಾ' ಮೇಲೆ, 'ಟು' ಕೆಳಗೆ. ಮಾಡೆಲ್‌ಗೆ ಕೊಡುವ ಮರ 'ಸುಮಾ ಕಡೆ ನೋಡು' ಅನ್ನುತ್ತದೆ. ಉತ್ತರಪತ್ರಿಕೆ 'ಟು' ಅನ್ನುತ್ತದೆ. ಇಂಥ ಪ್ರತಿ ಜಾಗದಲ್ಲೂ ಮಾಡೆಲ್ ಒಂದು ಮೆಟ್ಟಿಲು ಜಾಸ್ತಿ ಇಳಿಯುವುದನ್ನು ಕಲಿಯಬೇಕು.

ಮರದಲ್ಲಿ ದೂರ ಇರುವ ಪದಗಳನ್ನು ಮೊದಲೇ ಕತ್ತರಿಸಿ ಹಾಕುವ ಪದ್ಧತಿ ನಿಮ್ಮಲ್ಲಿದ್ದರೆ ಹಾನಿ ಇನ್ನೂ ಜಾಸ್ತಿ. ಒಂದು ಮರಕ್ಕೆ ಅಂತ ಇಟ್ಟ ಮಿತಿ ಇನ್ನೊಂದು ಮರದಲ್ಲಿ ನಿಜವಾದ ಉತ್ತರಗಳನ್ನೇ ಕತ್ತರಿಸುತ್ತದೆ. ಪತ್ತೆ ಸುಲಭ: ಕತ್ತರಿಸಿದ ಮೇಲೆ ಸರಿಯುತ್ತರಗಳಲ್ಲಿ ಎಷ್ಟು ಪಾಲು ಉಳಿದಿದೆ ಅಂತ ಎಣಿಸಿ. ಅದು ನಿಮ್ಮ ರಿಕಾಲ್‌ನ (ಸರಿಯುತ್ತರಗಳಲ್ಲಿ ಮಾಡೆಲ್ ಹಿಡಿದ ಪಾಲಿನ) ಮೇಲ್ಮಿತಿ. ಅದೇ ಕಡಿಮೆ ಇದ್ದರೆ ಮಾಡೆಲ್ ಏನು ಮಾಡಿದರೂ ಅಷ್ಟೇ.

ಪರಿಹಾರ ಎರಡು. ಡೇಟಾದ ಶೈಲಿಯಲ್ಲೇ ಪಾರ್ಸರ್ ಟ್ರೈನ್ ಮಾಡಿ. ಆಗದಿದ್ದರೆ ಡೇಟಾದಲ್ಲೇ ಇರುವ ಪಾರ್ಸರ್ ಕಾಲಮ್ ಬಳಸಿ. ಪದ ಬಿಡಿಸುವ ರೀತಿಯನ್ನೂ ಒಮ್ಮೆ ಹೋಲಿಸಿ. ಈ ಡೇಟಾದಲ್ಲಿ ಹೈಫನ್ ಇರುವ ಇಂಗ್ಲಿಷ್ ಪದಗಳನ್ನು ಬಿಡಿಸಿ ಇಟ್ಟಿದ್ದಾರೆ. ನಿಮ್ಮ ಪಾರ್ಸರ್ ಅವನ್ನು ಒಂದೇ ಪದ ಅಂದುಕೊಂಡರೆ ಅಲ್ಲಿಂದ ಮುಂದೆ ಎಣಿಕೆ ತಪ್ಪುತ್ತದೆ.

ಸ್ಕೋರ್ ನಂಬಲಾರದಷ್ಟು ಚೆನ್ನಾಗಿದ್ದರೆ

ಇದೂ ದೋಷವೇ. ಕೋನಲ್-2009ರ ಫೈಲ್‌ನಲ್ಲಿ 1ರಿಂದ ಎಣಿಸಿದರೆ 9ನೇ ಕಾಲಮ್ ಗೋಲ್ಡ್ ಹೆಡ್, 10ನೆಯದು ಪಾರ್ಸರ್ ಹೆಡ್. 11 ಗೋಲ್ಡ್ ಲೇಬಲ್, 12 ಪಾರ್ಸರ್ ಲೇಬಲ್. ಕೋಡ್‌ನಲ್ಲಿ 8 ಮತ್ತು 9 ಅಂತ ಬರೆಯಬೇಕು. ಎರಡೂ ಕಾಲಮ್‌ನಲ್ಲಿ ಇರುವುದು ಬರೀ ಸಂಖ್ಯೆ, ಅದಕ್ಕೇ ಅದಲುಬದಲಾದರೆ ಎರರ್ ಬರುವುದೇ ಇಲ್ಲ. ಟೆಸ್ಟ್ ವೇಳೆ ಗೋಲ್ಡ್ ಹೆಡ್ ಒಳಗೆ ಬಂದರೆ ಸ್ಕೋರ್ ಏರುತ್ತದೆ, ಆದರೆ ಆ ಏರಿಕೆ ನಿಮ್ಮದಲ್ಲ. ಹೆಡ್ ಸರಿಯಾದ ಕಾಲಮ್‌ನಿಂದ ಬಂದು ಲೇಬಲ್ ಮಾತ್ರ ಗೋಲ್ಡ್ ಕಾಲಮ್‌ನಿಂದ ಬರುವುದನ್ನೂ ನೋಡಿದ್ದೇನೆ.

ಇದರ ಇನ್ನೊಂದು ಮುಖ: ಟ್ರೈನಿಂಗ್‌ಗೆ ಗೋಲ್ಡ್ ಮರ, ಟೆಸ್ಟ್‌ಗೆ ಪಾರ್ಸರ್ ಮರ. ಯಾವಾಗಲೂ ಸರಿಯಿರುವ ಮರವನ್ನೇ ನೋಡಿ ಬೆಳೆದ ಮಾಡೆಲ್ ಅದನ್ನು ಕಣ್ಣುಮುಚ್ಚಿ ನಂಬುತ್ತದೆ. ಟೆಸ್ಟ್‌ನಲ್ಲಿ ಪಾರ್ಸರ್ ಎಡವಿದ ಕಡೆಯೆಲ್ಲ ತಾನೂ ಎಡವುತ್ತದೆ.

'ನಾನು ಟ್ರೈನಿಂಗ್‌ಗೂ ಪಾರ್ಸರ್ ಮರವನ್ನೇ ಕೊಟ್ಟಿದ್ದೇನೆ' ಅನ್ನಬಹುದು. ಆ ಪಾರ್ಸರ್ ಯಾವ ವಾಕ್ಯಗಳ ಮೇಲೆ ಕಲಿತದ್ದು ಅಂತ ಕೇಳಿಕೊಳ್ಳಿ. ಇಂಗ್ಲಿಷ್ ಎಸ್‌ಆರ್‌ಎಲ್‌ನ ಈ ಡೇಟಾ ಬಂದದ್ದು ವಾಲ್ ಸ್ಟ್ರೀಟ್ ಜರ್ನಲ್ ಬರಹಗಳಿಂದ. ಆ ಬರಹಗಳಿಗೆ ಮನುಷ್ಯರು ಮರ ಗುರುತಿಸಿದ ಪೆನ್ ಟ್ರೀಬ್ಯಾಂಕ್ ಮೇಲೆ ಕಲಿತ ಪಾರ್ಸರ್ ಅದೇ ವಾಕ್ಯಗಳನ್ನು ಆಗಲೇ ನೋಡಿದೆ. ನೋಡಿದ ವಾಕ್ಯದ ಮೇಲೆ ಅದು ಕೊಡುವ ಮರ ಗೋಲ್ಡ್‌ಗೆ ತೀರಾ ಹತ್ತಿರ. ಅದಕ್ಕೆ ಜ್ಯಾಕ್‌ನೈಫಿಂಗ್ ಮಾಡುತ್ತಾರೆ. ಟ್ರೈನಿಂಗ್ ಸೆಟ್ ಅನ್ನು ಹತ್ತು ಪಾಲು ಮಾಡಿ, ಒಂಬತ್ತರ ಮೇಲೆ ಪಾರ್ಸರ್ ಕಲಿಸಿ, ಹತ್ತನೆಯದನ್ನು ಪಾರ್ಸ್ ಮಾಡುವುದು. ಹೀಗೆ ಹತ್ತು ಸಲ. ಬೇಸರದ ಕೆಲಸ, ಆದರೆ ಬಿಡುವ ಹಾಗಿಲ್ಲ. ಒಂಟೋನೋಟ್ಸ್ ಅನ್ನುವ ಇನ್ನೊಂದು ಡೇಟಾ ಮೇಲೆ ಕಲಿತ ಪಾರ್ಸರ್ ಬಳಸುತ್ತಿದ್ದರೂ ಎಚ್ಚರ. ಅದರಲ್ಲೂ ವಾಲ್ ಸ್ಟ್ರೀಟ್ ಜರ್ನಲ್ ಬರಹಗಳಿವೆ. ನಿಮ್ಮ ಟೆಸ್ಟ್ ವಾಕ್ಯಗಳು ಅಲ್ಲಿ ಸೇರಿವೆಯಾ ಅಂತ ನೋಡಿ.

ಗ್ರಾಫ್ ಪದರದೊಳಗೆ

ಮೂರು ಬಗೆಯ ಕೊಂಡಿ ಇರಬೇಕು: ಹೆಡ್‌ನಿಂದ ಮಗುವಿಗೆ, ಮಗುವಿನಿಂದ ಹೆಡ್‌ಗೆ, ಮತ್ತು ತನ್ನಿಂದ ತನಗೆ. ಮೊದಲೆರಡಕ್ಕೆ ಬೇರೆ ಬೇರೆ ವೇಯ್ಟ್ ಬೇಕು. ಒಂದೇ ದಿಕ್ಕು ಹಾಕಿದರೆ 'ಸೋಲ್ಡ್'ನಿಂದ 'ಹ್ಯಾಸ್'ಗೆ ಹತ್ತಿ 'ರವಿ'ಗೆ ಇಳಿಯುವ ದಾರಿಯೇ ಇರುವುದಿಲ್ಲ. ಸೆಲ್ಫ್-ಲೂಪ್ ಮರೆತರೆ ಪದ ತನ್ನ ಅರ್ಥವನ್ನೇ ಕಳೆದುಕೊಳ್ಳುತ್ತದೆ. ಎಷ್ಟು ಪದರ? ಮಾರ್ಕೆಜಾನಿ ಮತ್ತು ಟಿಟೊವ್ ಅವರಿಗೆ ಎಲ್‌ಎಸ್‌ಟಿಎಂ ಮೇಲೆ ಒಂದೇ ಪದರ ಸಾಕಾಯಿತು. ಪದರ ಹೆಚ್ಚಿಸಿದ ತಕ್ಷಣ ಸ್ಕೋರ್ ಬಿದ್ದರೆ ಗಾಬರಿ ಬೇಡ, ಒಂದಕ್ಕೆ ಇಳಿಸಿ.

ಅವರ ಮಾಡೆಲ್‌ನಲ್ಲಿ ಪ್ರತಿ ಕೊಂಡಿಗೂ ಒಂದು ಗೇಟ್ ಇದೆ. ಪಾರ್ಸರ್ ತಪ್ಪಿರಬಹುದು ಅನಿಸಿದ ಕೊಂಡಿಯನ್ನು ಮಾಡೆಲ್ ತಾನೇ ಮುಚ್ಚಿಕೊಳ್ಳಲಿ ಅಂತ. ದೋಷ ಹುಡುಕುವವರಿಗೆ ಇದು ಒಳ್ಳೆಯ ಕಿಟಕಿ. ಸಬ್ಜೆಕ್ಟ್, ಆಬ್ಜೆಕ್ಟ್ ಕೊಂಡಿಗಳ ಗೇಟ್ ಸರಾಸರಿ ಎಷ್ಟು ಅಂತ ಪ್ರಿಂಟ್ ಮಾಡಿ. ಎಲ್ಲವೂ 0ಗೆ ಹತ್ತಿರ ಇದ್ದರೆ ಮಾಡೆಲ್ ಮರಕ್ಕೆ ಬಾಗಿಲು ಹಾಕಿಕೊಂಡಿದೆ. ಸುಮ್ನೆ ಹಾಕಿಕೊಳ್ಳುವುದಿಲ್ಲ. ಮೇಲೆ ಹೇಳಿದ ದೋಷಗಳಲ್ಲಿ ಒಂದು ಇನ್ನೂ ಉಳಿದಿದೆ ಅಂತ ತಿಳಿದು ಹಿಂದೆ ಹೋಗಿ.

ಅಳತೆಗೋಲೇ ಬೇರೆಯಾಗಿದ್ದರೆ

ಕೋನಲ್-2009ರ ಅಧಿಕೃತ ಸ್ಕೋರ್‌ನಲ್ಲಿ ಕ್ರಿಯಾಪದದ ಅರ್ಥ ಆರಿಸುವ ಅಂಕವೂ ಸೇರಿರುತ್ತದೆ. ಅದು ಸುಲಭದ ಕೆಲಸವಾದ್ದರಿಂದ ಒಟ್ಟು ಸ್ಕೋರ್ ಮೇಲೇರುತ್ತದೆ. ಮಾರ್ಕೆಜಾನಿ ಮತ್ತು ಟಿಟೊವ್ ಅವರ ಡೆವ್ ಸೆಟ್‌ನ 83.3ರಲ್ಲಿ ಈ ಅಂಕ ಸೇರಿಲ್ಲ, ಟೆಸ್ಟ್‌ನ 88.0ರಲ್ಲಿ ಸೇರಿದೆ. ಒಂದನ್ನು ಇನ್ನೊಂದರ ಪಕ್ಕ ಇಟ್ಟು ನೋಡಿದರೆ ಇಲ್ಲದ ದೋಷ ಹುಡುಕುತ್ತಾ ಕೂರಬೇಕಾಗುತ್ತದೆ. ಕೋನಲ್-2005ರಲ್ಲಿ ಇಡೀ ಪದಗುಚ್ಛ ಸರಿಯಾಗಿ ಹಿಡಿಯಬೇಕು, 2009ರಲ್ಲಿ ಅದರ ಹೆಡ್ ಪದ ಸಾಕು. ಇವೆರಡರ ಸ್ಕೋರ್‌ಗಳನ್ನೂ ಹೋಲಿಸಬೇಡಿ.

ಎಲ್ಲ ಸರಿಯಿದೆ, ಆದರೂ ಲಾಭ ಇಲ್ಲ

ಹೀಗೂ ಆಗುತ್ತದೆ. ಒಟ್ಟು ಎಫ್1 ಬಿಟ್ಟು, ಉತ್ತರಗಳನ್ನು ಕ್ರಿಯಾಪದದಿಂದ ಎಷ್ಟು ದೂರ ಇವೆ ಅಂತ ಗುಂಪು ಮಾಡಿ ನೋಡಿ. 'ದ ಬಾಯ್ ಹೂ ಬ್ರೋಕ್ ದ ವಿಂಡೋ ರಾನ್ ಅವೇ' ಅನ್ನುವಲ್ಲಿ ಓಡಿದ್ದು ಹುಡುಗ, ಪಕ್ಕದಲ್ಲಿರುವುದು ಕಿಟಕಿ. ಮರ ಕೈಹಿಡಿಯುವುದು ಇಂಥ ಕಡೆ. ಆದರೆ ಬಹುಪಾಲು ಉತ್ತರಗಳು ಕ್ರಿಯಾಪದದ ಹತ್ತಿರವೇ ಇರುವುದರಿಂದ ದೂರದ ಲಾಭ ಸರಾಸರಿಯಲ್ಲಿ ಮುಳುಗಿಹೋಗುತ್ತದೆ. ನಾಮಪದದಿಂದ ಬಂದ ಪ್ರೆಡಿಕೇಟ್‌ಗಳನ್ನು (ಕ್ರಿಯಾಪದದಂತೆ ಪಾತ್ರಗಳನ್ನು ಬೇಡುವ ಪದಗಳನ್ನು) ಬೇರೆ ಇಟ್ಟು ಎಣಿಸಿ. 2009ರ ಇಂಗ್ಲಿಷ್ ಡೇಟಾದಲ್ಲಿ ಅವೂ ಸಾಕಷ್ಟಿವೆ. ಬ್ರೌನ್ ಕಾರ್ಪಸ್‌ನ ಟೆಸ್ಟ್ ಭಾಗವನ್ನೂ ಓಡಿಸಿ. ಅದು ಪತ್ರಿಕೆಯ ಭಾಷೆಗಿಂತ ಬೇರೆ ಬಗೆಯ ಬರಹ. 2018ರಲ್ಲಿ ಎಮ್ಮಾ ಸ್ಟ್ರುಬೆಲ್ ಮತ್ತು ಸಂಗಡಿಗರು ಒಂದು ಅಟೆನ್ಷನ್ ಹೆಡ್‌ಗೆ (ಯಾವ ಪದದತ್ತ ನೋಡಬೇಕು ಅಂತ ಆರಿಸುವ ಮಾಡೆಲ್‌ನ ಭಾಗಕ್ಕೆ) ಮರದ ಹೆಡ್ ಹುಡುಕುವುದನ್ನೇ ಕಲಿಸಿದರು. ಕೋನಲ್-2005ರಲ್ಲಿ ಹಿಂದಿನವರಿಗಿಂತ ಪತ್ರಿಕೆಯ ಬರಹದಲ್ಲಿ 2.5 ಪಾಯಿಂಟ್ ಮುಂದೆ ಹೋದರು, ಹೊರಗಿನ ಬರಹದಲ್ಲಿ 3.5ಕ್ಕೂ ಜಾಸ್ತಿ. ಅವರ ಮಾಡೆಲ್‌ಗೆ ಟೆಸ್ಟ್ ವೇಳೆ ಇನ್ನೂ ಒಳ್ಳೆಯ ಪಾರ್ಸರ್‌ನ ಮರ ಕೊಡಬಹುದು, ಮತ್ತೆ ಟ್ರೈನ್ ಮಾಡಬೇಕಿಲ್ಲ. ಪಾರ್ಸರ್ ಕಡೆ ದೋಷವಿದೆಯಾ ಅಂತ ನೋಡಲು ಇದಕ್ಕಿಂತ ಅನುಕೂಲ ಇನ್ನೇನು?

ದೂರದ ಉತ್ತರಗಳಲ್ಲೂ ಏರಿಕೆ ಇಲ್ಲ, ಬ್ರೌನ್‌ನಲ್ಲೂ ಇಲ್ಲ, ಗೋಲ್ಡ್ ಮರ ಕೊಟ್ಟು ಹೊಸದಾಗಿ ಟ್ರೈನ್ ಮಾಡಿದರೂ ಇಲ್ಲ ಅಂದರೆ, ನಿಮ್ಮ ಎನ್‌ಕೋಡರ್ (ವಾಕ್ಯ ಓದುವ ಭಾಗ) ಆ ಡೇಟಾಗೆ ಬೇಕಾದಷ್ಟು ವಾಕ್ಯರಚನೆಯನ್ನು ತಾನೇ ಕಲಿತಿದೆ. ದೊಡ್ಡ ಬರ್ಟ್‌ನಂಥ ಮಾಡೆಲ್‌ಗಳಲ್ಲಿ ಇದು ಸಾಮಾನ್ಯ. ಆಗ ಪಾರ್ಸರ್ ತೆಗೆದುಹಾಕಿ, ಕೋಡ್ ಹಗುರ ಮಾಡಿಕೊಳ್ಳಿ. ಮೂರು ಮರದ ಪರೀಕ್ಷೆಯ ಅಂಕಿಗಳನ್ನು ಮಾತ್ರ ವರದಿಯಲ್ಲಿ ಬರೆದಿಡಿ. ಮುಂದೆ ಇದೇ ಕೋಡ್ ಕೈಗೆತ್ತಿಕೊಳ್ಳುವವರಿಗೆ ಮರ ತಲುಪಿತ್ತು ಅಂತ ಗೊತ್ತಿರಲಿ.